ಅಪ್ಪನ ಫಿಯೆಟ್ಟಿನ ತುಕ್ಕು

ಜೂನ್ 9, ಸೋಮವಾರ. ಬೆಳಿಗ್ಗೆ 11
ಇಂದೂ ಶಿವಾಜಿನಗರ, ವಕಾರನ ಗ್ಯಾರೇಜು. ಎಡಗಡೆಯ ಬಾಗಿಲು ಬಿಚ್ಚಲು ಹೋದರೆ ಹಿಡಿಯೇ ಕೈಗೆ ಬಂತು. ಅಪ್ಪನ ಫಿಯೆಟ್. ಇದರಲ್ಲೇ ನನಗೆ ಡ್ರೈವಿಂಗ್ ಕಲಿಸಿದ್ದು, "ಇದು ಸುಕನ್ಯಂಗೆ" ಎಂದದ್ದು. ಅಪ್ಪನ ತಿಥಿಯ ದಿನ ಮುನಿರಾಜ್ ಎಲ್ಲರೆದುರು ನನ್ನ ಕೈಯಿಂದ ಕೀ ಕಿತ್ತುಕೊಂಡ. "ಮದ್ವೆಯಾಗಿ ಹೋದೋಳಿಗೆ ಗಾಡಿ ಯಾಕೆ?" ಬಾಣಸವಾಡಿಯ ಅಂಗಳದಲ್ಲಿ ಹನ್ನೆರಡು ವರ್ಷ ಕೊಳೆಸಿದ. ಒಂದು ದಿನವೂ ಓಡಿಸಲಿಲ್ಲ. ಏಪ್ರಿಲಿನಲ್ಲಿ ಗುಜರಿಗೆ ಹಾಕಿದ. ಅವನಿಗೆ ತಿಳಿಯದಂತೆ ಗುಜರಿಯವನಿಂದ ನಾನು ಎತ್ತಿಕೊಂಡು ಬಂದೆ.

ಒಡಹುಟ್ಟಿದವನೇ. ಅಣ್ಣ ಎಂದು ಬರೆಯಲು ಮನಸ್ಸಿಲ್ಲ.

ಆಯುಧಪೂಜೆಗೆ ಅವನ ಮನೆಯಲ್ಲಿ ನೆಂಟರೆಲ್ಲ ಸೇರುತ್ತಾರೆ. ಅಂದು ಇದನ್ನು ಅವನ ಗೇಟಿನೊಳಗೆ ನಾನೇ ಓಡಿಸಿಕೊಂಡು ಹೋಗಬೇಕು. ಅವನ ಮುಖ ನೋಡಬೇಕು.

ಜುಲೈ 3, ಗುರುವಾರ
ಸೀಟು ಕಿತ್ತರು. ಕೆಳಗೆ ತಗಡೇ ಇಲ್ಲ... ನೆಲ ಕಾಣುತ್ತದೆ. ವಕಾರ್ ಅಂಚಿನ ಬಿಳಿ ಪುಡಿ ಕೆರೆದು, ನಾಲಿಗೆಗೆ ಮುಟ್ಟಿಸಿ ಉಗುಳಿದ.

"ಅಕ್ಕಾ, ಇದು ಬರೀ ಮಳೆ ತುಕ್ಕಲ್ಲ. ಉಪ್ಪು. ಯಾರೋ ಬೇಕಂತಾನೇ ಹಾಕಿದಾರೆ."

ಕೊಳೆತ ಬಟ್ಟೆಯ ಚೂರುಗಳೂ ಇದ್ದವು, ಗುಡಿಸಿ ಎಸೆದ.

ಬೇಕಂತಲೇ! ನನಗೆ ಸಿಗಬಾರದೆಂದು ಉಪ್ಪು ಹಾಕಿ ಕೊಂದಿದ್ದಾನೆ. ಬರೀ ಮುಖ ನೋಡಿದರೆ ಸಾಲದು.

ಆಗಸ್ಟ್ 20, ಬುಧವಾರ
ಹೊಸ ತಗಡು, ವೆಲ್ಡಿಂಗ್. ತೂತುಗಳಿಗೆ ಪುಟ್ಟಿ ಮೆತ್ತಿದರೆ ಬೇಗ ಮುಗಿಯುತ್ತದೆ ಎಂದ ವಕಾರ್. ಬೇಡ ಎಂದೆ. ಮುನಿರಾಜ್ ತಟ್ಟಿ ನೋಡುವ ಪೈಕಿ. ಎಲ್ಲಿ ತಟ್ಟಿದರೂ ಕಬ್ಬಿಣದ ಸದ್ದೇ ಬರಬೇಕು.

ಅಮ್ಮನ ಫೋನ್. "ಗಾಡಿ ಇಲ್ದೆ ಅಂಗಳ ಬಿಕೋ ಅಂತೈತೆ ಕಣೆ." ಗಾಡಿ ನನ್ನ ಬಳಿ ಇದೆ ಎಂದು ಹೇಳಲಿಲ್ಲ. ಅವನ ಮನೆಯಲ್ಲಿರುವವಳು, ಬಾಯಿ ಬಿಟ್ಟಾಳು.

ಸೆಪ್ಟೆಂಬರ್ 28, ಭಾನುವಾರ
ಓಡಿತು! ಹಲಸೂರು ಕೆರೆ ಸುತ್ತಿ ಬಂದೆ. ಸೆಕೆಂಡ್ ಗೇರಿಗೆ ಅದೇ ಹಳೆಯ ಮೊಂಡಾಟ. ಅತ್ತುಬಿಟ್ಟೆ. ಜೀವನ್ ಬಿಮಾ ನಗರಕ್ಕೆ ವಾಪಸ್ಸು ಬರುವಾಗ ಐದು ಕೆಜಿ ಕಲ್ಲುಪ್ಪು ತೆಗೆದುಕೊಂಡೆ.

ಅಕ್ಟೋಬರ್ 1, ಬುಧವಾರ. ಸಂಜೆ 5
ಆಯುಧಪೂಜೆಗೆ ಹೋಗಿ ಈಗ ಬಂದೆ.

ಹೋದಾಗ ಅವನ ಕಾರಿಗೆ ಕುಂಬಳಕಾಯಿ ಒಡೆಯುವ ಹೊತ್ತು. ಸೀದಾ ಗೇಟಿನೊಳಗೆ ನುಗ್ಗಿಸಿದೆ. ಇಳಿದು ಉಪ್ಪಿನ ಚೀಲ ಅವನ ಕಾಲ ಮೇಲೆ ಸುರಿದೆ. "ಗುರುತು ಸಿಕ್ತಾ? ಅಪ್ಪನ ಗಾಡಿಗೆ ಹಾಕಿದ್ಯಲ್ಲ, ಅದೇ!"

ಉಪ್ಪು ನೋಡಿದ. ನನ್ನನ್ನು ನೋಡಿದ.

ಅಮ್ಮ ಒಳಗಿದ್ದಳು, ಕಿವಿಯೂ ಮಂದ. ಏನೂ ಕೇಳಿಸಿರಲಿಲ್ಲ. ಒಳಗಿಂದ ಬಂದವಳು ಬಾನೆಟ್ ಸವರಿ ಅತ್ತಳು. ಮತ್ತೆ ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದಳು. ಗಾಡಿಗೆ ಮೂರು ಸಲ ನಿವಾಳಿಸಿ ಸೀಟಿನ ಕೆಳಗೆ ತುರುಕಿದಳು.

"ಅಮಾಸೆ ಅಮಾಸೆಗೂ ಉಪ್ಪಿನ ಗಂಟು ಇಕ್ತಿದ್ದೆ. ನಿಮ್ಮಪ್ಪನ ಗಾಡಿಗೆ ಯಾರ ಕಣ್ಣೂ ಬೀಳ್ಬಾರ್ದು ಅಂತ. ನೋಡು, ಹೆಂಗೆ ಉಳ್ಕೊಂಡೈತೆ!"

ಮುನಿರಾಜ್ ಪಕ್ಕಕ್ಕೆ ಬಂದು ಮೆಲ್ಲಗೆ, "ಅಮ್ಮಂಗೆ ಗೊತ್ತಾಗೋದು ಬ್ಯಾಡ" ಎಂದ. ಅಷ್ಟೇ.

ಗಾಡಿ ತಿಂದದ್ದು ಅಮ್ಮನ ಉಪ್ಪೆಂದು ಅವನಿಗೆ ಮೊದಲೇ ಗೊತ್ತಿತ್ತೋ, ಆಗ ಹೊಳೆಯಿತೋ. ಎಲ್ಲರೆದುರು ಬೈಸಿಕೊಂಡು ನಿಂತ. ಅದಕ್ಕೇ ನನಗೆ ಇನ್ನೂ ಸಿಟ್ಟು. ಅಂದು ಕೀ ಕಿತ್ತುಕೊಂಡ, ಇಂದು ಸೇಡನ್ನೂ ಕಿತ್ತುಕೊಂಡ.

ಅಕ್ಟೋಬರ್ 2, ಗುರುವಾರ. ಬೆಳಿಗ್ಗೆ 9
ಅಮ್ಮನ ಫೋನ್. "ಬರೋ ಅಮಾಸೆಗೆ ಗಾಡಿ ತಕ್ಕೊಂಡ್ ಬಾ. ಗಂಟು ಬದಲಾಯಿಸ್ಬೇಕು." ಬರ್ತೀನಿ ಎಂದು ಎರಡು ಸಲ ಕೂಗಿ ಹೇಳಿದೆ. ಸೀಟಿನ ಕೆಳಗೆ ಮುಚ್ಚಳವಿರುವ ಸ್ಟೀಲ್ ಡಬ್ಬಿ ಇಟ್ಟೆ. ಗಂಟು ಅದರೊಳಗೆ.

ಕೀ ಕಿತ್ತುಕೊಂಡದ್ದಕ್ಕೆ ಅವನು ತಪ್ಪಾಯಿತು ಎನ್ನಲಿ. ಉಪ್ಪು ಸುರಿದದ್ದಕ್ಕೆ ನಾನೂ ಅನ್ನುತ್ತೇನೆ. ಮೊದಲು ಯಾರು? ನಾನಂತೂ ಅಲ್ಲ.

ಫೋನ್ ಬರುತ್ತಿದೆ. ಅಣ್ಣ —