ಗರಿ ಮೇಲೆ

ಕೊಳ್ಳೇಗಾಲ
ಮಾರ್ಚ್ 9, 2024

ಶಿವರತ್ನಕ್ಕನಿಗೆ ಸೌಮ್ಯಳ ನಮಸ್ಕಾರ.

ಹೇಗಿದ್ದೀಯೆಂದು ಕೇಳಿ ಶುರುಮಾಡಲು ಮನಸ್ಸು ಬರುತ್ತಿಲ್ಲ. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಮಾಡಿದೆ. ಮೂರು ಸಲವೂ ಊಟವಾಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಭಾವನ ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದ ಹೊನ್ನೂರಿನವರೆಲ್ಲ ಒಂದೇ ಮಾತಾಡಿದರು. ಪಕ್ಕದ ತೋಟದ ರಾಜಣ್ಣ, "ಈ ವಯಸ್ನಲ್ಲಿ ತೆಂಗಿನ್ ಮರ ಅತ್ತು ಅಂತ ಯಾರೇಳಿದ್ರು? ಅಟಮಾರಿ ಮನ್ಸ" ಎಂದರು. ನೀನೂ ಅಳು ನಿಲ್ಲಿಸಿ, "ಊ ಕಣಣ್ಣ, ಅವ್ರ ಅಟವೇ ಅವ್ರನ್ನ ತಿಂತು" ಎಂದೆ. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ.

ಅಕ್ಕ, ಭಾವ ಹಟಕ್ಕೆ ಮರ ಹತ್ತಲಿಲ್ಲ.

ನಿಮ್ಮ ತೆಂಗಿಗೆ ಬಿಳಿನೊಣ ಬಿದ್ದಾಗ ಅವರು ಔಷಧಿ ಹೊಡೆಸುವವರಿದ್ದರು. ಬೇಡವೆಂದವಳು ನಾನು. ಹೊರದೇಶದಿಂದ ಬಂದ ಈ ನೊಣಕ್ಕೆ ಸಾಸಿವೆಗಿಂತ ಚಿಕ್ಕ ಕಣಜದ ಹುಳವೊಂದು ಶತ್ರು; ಅದು ನೊಣದ ಮರಿಯೊಳಗೆ ಮೊಟ್ಟೆಯಿಟ್ಟರೆ ಮರಿ ಕಪ್ಪಾಗಿ ಸಾಯುತ್ತದೆ, ಒಳಗಿನಿಂದ ಹೊಸ ಕಣಜ ಬರುತ್ತದೆ, ವಿಷ ಹೊಡೆದರೆ ಈ ಕಣಜವೂ ಉಳಿಯದು ಎಂದೆ. ಭಾವ ನಂಬಿದರು. ಅಂಥ ಕಪ್ಪು ಮರಿಗಳಿದ್ದ ಗರಿಯ ತುಂಡುಗಳನ್ನು, ಕಣಜ ನಿಮ್ಮ ಮರಗಳಿಗೂ ಹರಡಲೆಂದು, ನಮ್ಮ ಕೃಷಿ ಲ್ಯಾಬಿನಿಂದ ಕಾಗದದ ಚೀಲದಲ್ಲಿ ಕೊಟ್ಟು ಕಳಿಸಿದೆ. ರಾಜಣ್ಣ ಗೇಲಿ ಮಾಡಿದರಂತೆ: "ಏನ್ಲಾ, ರೋಗದ್ ಮರಕ್ಕೆ ರೋಗದ್ ಗರಿನೇ ಕಟ್ಟೀಯಾ?" ಭಾವ ಬಿಡುತ್ತಾರೆಯೇ? "ನಮ್ ನಾದ್ನಿ ಓದಿರೋಳು ಕಣ್ಲಾ, ನಿನ್ನಂಗಲ್ಲ" ಎಂದರಂತೆ. ಅದನ್ನು ನನಗೆ ಹೇಳಿ ಫೋನಿನಲ್ಲಿ ಎಷ್ಟು ನಕ್ಕರು!

ಆ ಚೀಲದ ಮೇಲೆ ನಾನು ಬರೆದಿದ್ದೆ: "ಗರಿ ಮೇಲೆ ಕಟ್ಟಿ."

ಮರದ ಯಾವುದಾದರೂ ಗರಿಯ ಮೇಲೆ ಈ ತುಂಡನ್ನು ಕಟ್ಟಿ ಎನ್ನುವುದು ನನ್ನ ಅರ್ಥ. ಬಾವಿ ಪಕ್ಕದ ಗಿಡ್ಡ ಮರಗಳ ಗರಿ ನಿಂತಲ್ಲಿಂದಲೇ ಕೈಗೆ ಸಿಗುತ್ತದೆ, ಅಷ್ಟೇ ಸಾಕಿತ್ತು. ಭಾವ ಓದಿಕೊಂಡದ್ದು, ಗರಿಯನ್ನು ಮೇಲೆ ಕಟ್ಟಿ ಎಂದು. ಮೇಲೆ ಎಂದರೆ ಸುಳಿಯ ಹತ್ತಿರ. ಅದಕ್ಕೇ ಎಲ್ಲಕ್ಕಿಂತ ಎತ್ತರದ ಮರ ಹತ್ತಿದರು, ಅಲ್ಲಿಂದಲೇ ಬಿದ್ದರು.

ನಾನು ಇಂಗ್ಲಿಷಿನಲ್ಲಿ "ಆನ್" ಎಂದು ಯೋಚಿಸಿ ಕನ್ನಡದಲ್ಲಿ "ಮೇಲೆ" ಎಂದು ಬರೆದೆ. ಅಪ್ಪ ನನ್ನನ್ನು ಕಾನ್ವೆಂಟಿಗೆ ಸೇರಿಸಿದರು, ನೀನು ನಮ್ಮೂರು ಮುಳ್ಳೂರಿನ ಕನ್ನಡ ಶಾಲೆಯಲ್ಲೇ ಉಳಿದೆ. ನೀನು ಬರೆದಿದ್ದರೆ "ಗರಿಗೆ ಕಟ್ಟಿ" ಎಂದು ಬರೆಯುತ್ತಿದ್ದೆ. ಭಾವ ಇರುತ್ತಿದ್ದರು.

ಇದು ನನ್ನನ್ನು ನಾನೇ ಶಿಕ್ಷಿಸಿಕೊಳ್ಳುವ ಚಾಳಿಯೇ ಎಂದೂ ಕೇಳಿಕೊಂಡಿದ್ದೇನೆ. ಇರಬಹುದು. ಆದರೆ ಅವರ ಮೇಲಿನ ಸಿಟ್ಟಿಗೆ ನೀನು ಫೋಟೊಗೆ ಹೂವೂ ಇಡುತ್ತಿಲ್ಲವೆಂದು ನಿನ್ನ ಮಗಳು ಶ್ರುತಿ ಹೇಳಿದಳು. ಆಮೇಲೆ ಸುಮ್ಮನಿರಲು ಆಗಲಿಲ್ಲ. ಅವರು ನಾನು ಬರೆದದ್ದನ್ನು ಬರೆದಂತೆಯೇ ಮಾಡಿದರು. ಅವರಿಗೆ ಹೂವಿಡು ಅಕ್ಕ. ನನ್ನನ್ನು ಬೈಯಿ, ಮನೆಗೆ ಬರಬೇಡ ಎಂದರೂ ಸರಿ.

ನಿನ್ನ ತಂಗಿ,
ಸೌಮ್ಯ

ತಾ.ಕ.: ಚೀಲ ಕಳಿಸುವುದಕ್ಕೆ ಒಂದು ವಾರ ಮೊದಲು ಭಾವ ಒಂದು ಗರಿಯ ಫೋಟೊ ಕಳಿಸಿದ್ದರು. ಬಿಳಿ ಕಂಡಿತು, ಬಿಳಿನೊಣವೇ ಎಂದು ಹೇಳಿ ಮುಚ್ಚಿಬಿಟ್ಟಿದ್ದೆ. ನಿನ್ನೆ ಅದನ್ನು ದೊಡ್ಡದು ಮಾಡಿ ನೋಡಿದೆ. ಬಿಳಿಯ ನಡುವೆ ಉದ್ದಕ್ಕೂ ಕಪ್ಪು ಮರಿಗಳಿದ್ದವು. ಕಣಜ ತಾನಾಗಿಯೇ ನಿಮ್ಮ ತೋಟಕ್ಕೆ ಬಂದಾಗಿತ್ತು. ಏನನ್ನೂ ಎಲ್ಲಿಯೂ ಕಟ್ಟಬೇಕಾಗಿರಲಿಲ್ಲ.