ನಲವತ್ತೇಳನೆಯ ಹೆಬ್ಬಲ್‌ಗಾರ್ತ್

ಗಾರ್ತ್ ಎಂಡ್, ಸ್ಕೆಲ್‌ಬೆಕ್
ಯಾರ್ಕ್‌ಷೈರ್
ಭಾನುವಾರ, ಅಕ್ಟೋಬರ್ 9, 1994

ಪ್ರೀತಿಯ ವಿಲ್ಫ್,

ನಿನ್ನ ಕಾಗದ ಬಂದು ಏಳು ವಾರವಾಯಿತು. ಇಷ್ಟು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಜೀವಮಾನವೆಲ್ಲ ಊರವರ ಕಾಗದ ಹೊತ್ತು ತಿರುಗಿದ ಪೋಸ್ಟ್‌ಮನ್ನನ್ನು ಅವನದೇ ಒಂದು ಕಾಗದಕ್ಕಾಗಿ ಹೀಗೆ ಕಾಯಿಸಬಾರದು. ಅದು ಅಗ್ಗಿಷ್ಟಿಕೆಯ ಮೇಲಿನ ಗಡಿಯಾರದ ಹಿಂದೆ ಭದ್ರವಾಗಿದೆ. ಗಡಿಯಾರಕ್ಕೆ ಕೀ ಕೊಡುವ ನೆಪದಲ್ಲಿ ದಿನಾ ತೆಗೆದು ಓದುತ್ತೇನೆ. ಅದಕ್ಕೆ ವಾರಕ್ಕೊಮ್ಮೆ ಕೀ ಕೊಟ್ಟರೆ ಸಾಕು ಎಂದು ನಿನಗೂ ಗೊತ್ತು.

"ಮೂರನೇ ಸಲ ಕೇಳ್ತಿದೀನಿ ಎನಿಡ್, ನನ್ನನ್ನ ಮದುವೆ ಆಗ್ತೀಯಾ? ನಾಲ್ಕನೇ ಸಲ ಕೇಳೋಕೆ ಈ ಮಂಡಿ ಬಗ್ಗಲ್ಲ" ಎಂದು ಬರೆದಿದ್ದೀಯ. ನಿನಗೆ ಅರವತ್ತಾರು, ನನಗೆ ಅರವತ್ತಮೂರು. ನಗು ಬಂತು, ಆಮೇಲೆ ಅಳುವೂ ಬಂತು. ಉತ್ತರ ಈ ಕಾಗದದಲ್ಲೇ ಇದೆ. ಆದರೆ ಅದನ್ನು ಹುಡುಕಿಕೊಂಡು ಕೊನೆಯ ಪುಟಕ್ಕೆ ಹಾರಬೇಡ. ಮೊದಲು ಊರ ಸುದ್ದಿ ಓದು.

ಹೋದ ತಿಂಗಳು ಹದಿನೇಳನೇ ತಾರೀಕು ನಮ್ಮ ಚಾಪೆಲ್ಲಿನ ಸಭಾಂಗಣದಲ್ಲಿ ಒಂದು ಸಮ್ಮೇಳನ ನಡೆಯಿತು. ಭೂಮಿಯ ಮೇಲೆ ಉಳಿದಿರುವ ಹೆಬ್ಬಲ್‌ಗಾರ್ತ್‌ಗಳ ಸಮ್ಮೇಳನ! ನಡೆಸಿದವನು ಡೆರಿಕ್ ಹೆಬ್ಬಲ್‌ಗಾರ್ತ್ ಎಂಬ ಹಡರ್ಸ್‌ಫೀಲ್ಡಿನವನು, ಬಸ್ಸುಗಳ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಟಿಕೆಟ್ ಇಲ್ಲದವರನ್ನು ಹಿಡಿಯುವ ಕೆಲಸ ತಪ್ಪಿಹೋದ ಮೇಲೆ ಕೈ ಸುಮ್ಮನಿರದೆ, ತನ್ನ ಹೆಸರಿನವರನ್ನು ಹಿಡಿಯಲು ಹೊರಟಿದ್ದಾನೆ. ಆರು ವರ್ಷದಿಂದ ಇದೇ ಕೆಲಸವಂತೆ.

ಮೂವತ್ತೊಂದು ಜನ ಬಂದಿದ್ದರು. ಟಾಸ್ಮೇನಿಯಾದಿಂದ ಗಂಡ ಹೆಂಡತಿ ಇಬ್ಬರು, ಎದುರಿಗೆ ಸಿಕ್ಕವರನ್ನೆಲ್ಲ ತಬ್ಬಿಕೊಳ್ಳುವವರು. "ಮಿಸ್ಟರ್ ಹೆಬ್ಬಲ್‌ಗಾರ್ತ್" ಎಂದು ಕರೆದರೆ ಹದಿನಾಲ್ಕು ತಲೆ ತಿರುಗುತ್ತಿದ್ದವು. ಆ ಹದಿನಾಲ್ಕರಲ್ಲೂ ನನ್ನ ಅಪ್ಪನ ಮೂಗು! ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ನನ್ನ ಹೆಸರು ಹೇಳಿದರೆ "ಏನಂದ್ರಿ? ಇನ್ನೊಂದ್ಸಲ ಹೇಳಿ" ಎನ್ನುವುದನ್ನು ಕೇಳಿ ಕೇಳಿ ಬೇಸತ್ತವಳು ನಾನು. ಆ ದಿನ ಒಬ್ಬರೂ ಹಾಗೆ ಕೇಳಲಿಲ್ಲ. ಅದೊಂದು ಸುಖ ಬೀದಿಗೆ ಹತ್ತು ಜನರಿರುವ ನಿನ್ನಂಥ ಸ್ಮಿತ್‌ಗಳಿಗೆ ಅರ್ಥವಾಗುವುದಿಲ್ಲ.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ತೂಗುಹಾಕಿದ್ದ ಗುರಾಣಿ ನೆನಪಿದೆಯಾ? ಕಾಡುಹಂದಿ, ಕತ್ತಿ, ಕೆಳಗೆ ಲ್ಯಾಟಿನ್ನಿನ ಒಂದು ಸಾಲು. ಒಂಬೈನೂರು ವರ್ಷದ ಹಿಂದೆ ಇಂಗ್ಲೆಂಡ್ ಗೆದ್ದ ವಿಲಿಯಂ ದೊರೆಯ ಜೊತೆ ಸಮುದ್ರ ದಾಟಿ ಬಂದ ಸರದಾರರು ನಾವು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾನು ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಡೆರಿಕ್‌ಗೆ ತೋರಿಸಿದೆ.

ಅವನು ಕನ್ನಡಕ ಏರಿಸಿ ನೋಡಿದ. "ಸ್ಕಾರ್ಬರೋದಲ್ಲಿ, ಸಮುದ್ರದಂಡೆ ಅಂಗಡಿಲಿ ತಗೊಂಡಿದ್ದಾ?"

"ನಮ್ಮ ಚಿಕ್ಕಪ್ಪ ತಂದಿದ್ದು. ಯಾಕೆ?"

"ಇಂಥದ್ದು ಹನ್ನೆರಡು ನೋಡಿದೀನಿ ಮಿಸ್ ಹೆಬ್ಬಲ್‌ಗಾರ್ತ್. ಹಂದಿ ಒಂದೇ, ಕೆಳಗಿನ ಹೆಸರು ಮಾತ್ರ ಬೇರೆ ಬೇರೆ. ಸರದಾರನೂ ಇಲ್ಲ, ಕತ್ತಿನೂ ಇಲ್ಲ. ಹೆಬ್ಬಲ್ ಅಂದ್ರೆ ಹಳೇ ಮಾತಲ್ಲಿ ಹೊಳೆ ದಾಟೋ ಹಲಗೆ ಸಂಕ. ಗಾರ್ತ್ ಅಂದ್ರೆ ಕಲ್ಲುಗೋಡೆ ಕಟ್ಟಿದ ದೊಡ್ಡಿ. ಸಂಕದ ಪಕ್ಕ ದನ ಕಟ್ಟಿಕೊಂಡಿದ್ದ ಯಾವನೋ ಒಬ್ಬ ನಮ್ಮ ಮೂಲಪುರುಷ."

ಸಂಕದ ದೊಡ್ಡಿಯವರು! ಆರು ವರ್ಷ ಬೆಟ್ಟ ಅಗೆದು ಹಿಡಿದ ಇಲಿ ಅದು. ಅಪ್ಪ ಬದುಕಿದ್ದರೆ ಡೆರಿಕ್‌ನನ್ನು ಅದೇ ಸಂಕದಿಂದ ಹೊಳೆಗೆ ನೂಕುತ್ತಿದ್ದ. ನನಗಂತೂ ಖುಷಿಯಾಯಿತು. ಯಾವ ಸಂಕ ಎಂದು ನಿನಗೆ ಹೇಳಬೇಕಾಗಿಲ್ಲ. 1955ರ ಮೇ ತಿಂಗಳಲ್ಲಿ ನೀನು ಅಂಚೆ ಚೀಲವನ್ನೂ ಇಳಿಸದೆ ನನ್ನನ್ನು ಮೊದಲ ಸಲ ಕೇಳಿದ್ದು ಅದರ ಮೇಲೆಯೇ. ಹಲಗೆ ಈಗ ಹೊಸದು, ಕಲ್ಲಿನ ಕಾಲುಗಳು ಹಳೆಯವೇ.

ಊಟಕ್ಕೆ ಹ್ಯಾಮಿನ ಸ್ಯಾಂಡ್‌ವಿಚ್, ಹಂದಿಮಾಂಸದ ಕಡುಬು, ಚೀಸಿನ ಜೊತೆ ಹಣ್ಣಿನ ಕೇಕು. ಮಾಡಿದವಳು ನನ್ನ ಚಿಕ್ಕಪ್ಪನ ಮಗಳು ಮೇಜಿ, ನಿನ್ನ ಸೈಕಲ್ಲಿನ ಗಾಳಿ ಬಿಡುತ್ತಿದ್ದಳಲ್ಲ, ಅವಳೇ. ನಾನು ಮೂವತ್ತು ವರ್ಷ ಶಾಲೆಯ ಅಡುಗೆಮನೆ ನೋಡಿಕೊಂಡವಳು, ಆದರೂ ಅವಳು ನನ್ನನ್ನು ಟೀ ಪಾತ್ರೆಯ ಹತ್ತಿರ ಮಾತ್ರ ಬಿಟ್ಟಳು.

ಊಟವಾದ ಮೇಲೆ ಡೆರಿಕ್ ಗೋಡೆಗಂಟಿಸುವ ಕಾಗದದ ದೊಡ್ಡ ಸುರುಳಿಯೊಂದನ್ನು ಬಿಚ್ಚಿದ. ಅದರ ಹಿಂಬದಿಯಲ್ಲಿ ನಮ್ಮ ವಂಶವೆಲ್ಲ ಕೂತಿತ್ತು. ಬದುಕಿರುವವರಿಗೆ ಹಸಿರು ಚುಕ್ಕೆ, ಸತ್ತವರಿಗೆ ಕಪ್ಪು. 1881ರ ಜನಗಣತಿಯಲ್ಲಿ ನಾವು ನೂರಹನ್ನೆರಡು ಜನ, ಬಹುಪಾಲು ಇದೇ ಕಣಿವೆಯಲ್ಲಿ. ಸೀಸದ ಗಣಿ ಮುಚ್ಚಿದ ಮೇಲೆ ಗಿರಣಿಗಳ ಊರಿಗೆ ಹೋದರು. ನಾಲ್ವರ ಹೆಸರು ಯುದ್ಧದಲ್ಲಿ ಸತ್ತವರ ಕಂಬದ ಮೇಲಿದೆ. ಈಗ ಲೋಕದಲ್ಲೆಲ್ಲ ಸೇರಿ ನಲವತ್ತಾರು.

"ಯುದ್ಧಕ್ಕಿಂತ ಹೆಚ್ಚು ಹೆಸರು ಸೋರಿ ಹೋಗಿದ್ದು ಹೆಣ್ಮಕ್ಕಳಿಂದ. ಮದುವೆ ಆಗೋದು, ಹೆಸರು ಬಿಡೋದು" ಎಂದ ಡೆರಿಕ್.

ಮೇಜಿ ಚಾಕು ಹಿಡಿದುಕೊಂಡೇ ಬಂದಳು. "ನಾನೂ ಸೋರಿ ಹೋದವಳೇ ಕಣಪ್ಪ, ಮೂವತ್ತೆಂಟು ವರ್ಷದಿಂದ ಮಿಸೆಸ್ ಟಾಡ್. ಸೋರಿ ಹೋದವಳ ಕೈಯಿಂದ ಸ್ಯಾಂಡ್‌ವಿಚ್ ಆಗಬಹುದು, ಅಲ್ವಾ?"

ಎಲ್ಲರೂ ನಕ್ಕರು. ಡೆರಿಕ್ ಕೆಂಪಾಗಿ ನನ್ನ ಕಡೆ ತಿರುಗಿದ. "ನೋಡಿ, ಇವರೊಬ್ಬರು ಉಳಿಸಿಕೊಂಡಿದ್ದಾರೆ. ಹೆಸರು ಹುಟ್ಟಿದ ಕಣಿವೆಯಲ್ಲಿ ಇವರೇ ಕೊನೇವರು. ಇವರನ್ನ ಹುಡುಕೋದು ಎರಡು ನಿಮಿಷದ ಕೆಲಸ ಆಯ್ತು. ಇಡೀ ಟೆಲಿಫೋನ್ ಪುಸ್ತಕದಲ್ಲಿ ಒಬ್ಬರೇ. ಅದೂ ಪೂರ್ತಿ ಹೆಸರು, ಪೂರ್ತಿ ವಿಳಾಸ. ಒಂಟಿ ಹೆಂಗಸರು ಯಾರು ಹಾಗೆ ಹಾಕಿಸ್ತಾರೆ?"

"ಹುಡುಕೋರಿಗೆ ಸಿಗಲಿ ಅಂತ" ಎಂದೆ.

"ಹೆಸರಿನ ಹುಚ್ಚು ಇವಳಿಗೆ" ಎಂದಳು ಮೇಜಿ. "ಒಳ್ಳೇ ಗಂಡಸೊಬ್ಬ ಎರಡು ಸಲ ಕೇಳಿದ. ಸ್ಮಿತ್ ಅನ್ನೋ ಹೆಸರು ಬೇಡ ಅಂತ ವಾಪಸ್ ಕಳಿಸಿದಳು ಮಹಾರಾಣಿ."

ಊರವರೆಲ್ಲ ನಂಬಿರುವುದು ಅದನ್ನೇ. ನೀನೂ ನಂಬಿದ್ದೀಯ. ನಾನು ಯಾವತ್ತೂ ಅಲ್ಲ ಎನ್ನಲಿಲ್ಲ.

ಆಗ ಟಾಸ್ಮೇನಿಯಾದ ಹೆಂಗಸು ಕೇಳಿದಳು: "ಇದ್ಯಾಕೆ ಒಂದೇ ಒಂದು ಕೆಂಪು ಚುಕ್ಕೆ?"

"ಅದಾ? ನನ್ನ ನಿದ್ದೆ ಕೆಡಿಸಿರೋ ಚುಕ್ಕೆ ಅದು" ಎಂದ ಡೆರಿಕ್. "ಹೆಸ್ಟರ್ ಹೆಬ್ಬಲ್‌ಗಾರ್ತ್. 1950ರ ಮೊದಲ ಮೂರು ತಿಂಗಳಲ್ಲಿ ಹುಟ್ಟಿದ್ದು ಅಂತ ಸರ್ಕಾರದ ಪಟ್ಟಿಯಲ್ಲಿದೆ. ಆಮೇಲೆ ಎಲ್ಲೂ ಇಲ್ಲ. ಮದುವೆ ಪಟ್ಟಿಯಲ್ಲಿ ಇಲ್ಲ, ಸಾವಿನ ಪಟ್ಟಿಯಲ್ಲೂ ಇಲ್ಲ. ಯಾರ ಮಗು ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗೆ ನಾನು ಟೀ ಪಾತ್ರೆಯ ನಲ್ಲಿ ತಿರುಗಿಸಿಬಿಟ್ಟೆ. ಕೆಳಗೆ ಬಟ್ಟಲೇ ಇರಲಿಲ್ಲ.

"ಮುಂದಿನ ತಿಂಗಳ ಕೊನೆಗೆ ಇದನ್ನ ಅಚ್ಚಿಗೆ ಕೊಡ್ಬೇಕು. ಎಳೇ ಮಗುವಾಗಿದ್ದಾಗಲೇ ಹೋಗಿರತ್ತೆ, ಪಟ್ಟಿಯಲ್ಲಿ ಬಿಟ್ಟುಹೋಗಿರಬೇಕು. ಕಪ್ಪು ಹಾಕ್ತೀನಿ" ಎಂದು ಅವನು ಪೆನ್ನು ತೆಗೆದ.

"ಕಪ್ಪು ಬೇಡ" ಎಂದೆ. ಸ್ವಲ್ಪ ಜೋರಾಗಿಯೇ ಬಂತು.

"ಯಾಕೆ?"

"ಸತ್ತಿದ್ದನ್ನ ನೀವು ನೋಡಿದೀರಾ? ನೋಡದೆ ಕಪ್ಪು ಹಾಕೋದು ಯಾವ ಊರ ನ್ಯಾಯ? ಹಾಗೇ ಬಿಡಿ."

ಅವನು ಪೆನ್ನು ಜೇಬಿಗಿಟ್ಟುಕೊಂಡ. "ಹಾಗಾದ್ರೆ ನಲವತ್ತಾರೋ ನಲವತ್ತೇಳೋ, ಒಂದು ಅನುಮಾನ ಉಳಿಯತ್ತೆ" ಎಂದು ಗೊಣಗಿದ. ಲೆಕ್ಕ ಸರಿಹೋಗದ ಮನುಷ್ಯನ ಮುಖ ನೋಡುವುದು ಕಷ್ಟ.

ಸಂಜೆ ಎಲ್ಲರೂ ಹೋದ ಮೇಲೆ ಮೇಜಿಯೂ ನಾನೂ ತಟ್ಟೆ ತೊಳೆದೆವು. ಅದೇ ಕಲ್ಲಿನ ತೊಟ್ಟಿ ವಿಲ್ಫ್, ಅದೇ ಹಸಿರು ಕಿಟಕಿ. 1959ರ ಸುಗ್ಗಿಯ ಟೀ ಕೂಟದ ದಿನ ನಾನು ತೊಳೆಯುತ್ತಿದ್ದೆ, ನೀನು ಒರೆಸುತ್ತಿದ್ದೆ. ಒಂದೇ ತಟ್ಟೆಯನ್ನು ಐದು ನಿಮಿಷ ಒರೆಸಿ ಎರಡನೇ ಸಲ ಕೇಳಿದೆ. "ನನಗೆ ನನ್ನ ಹೆಸರೇ ಇರಲಿ ವಿಲ್ಫ್" ಎಂದೆ ನಾನು. "ಸ್ಮಿತ್ ಅಂದ್ರೆ ಅಷ್ಟು ಕಡೆ ಆಯ್ತಾ ನಿಂಗೆ?" ಎಂದು ಕೇಳಿ, ನೀನು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದೆ. ಕುಕ್ಕಿ ಒಡೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಎರಡು ವರ್ಷದ ಮೇಲೆ ಡೋರತಿಯನ್ನು ಮದುವೆಯಾಗಿ ಸಮುದ್ರದ ದಡದ ವಿಟ್ಬಿಗೆ ಹೋದೆ. ಅವಳು ಒಳ್ಳೆಯವಳು. ಪ್ರತಿ ಕ್ರಿಸ್‌ಮಸ್ಸಿಗೂ ನನಗೆ ಕಾರ್ಡು ಬರೆದಳು, ಒಂದು ಕೊಂಕು ಮಾತಿಲ್ಲದೆ. ಅವಳು ತೀರಿಕೊಂಡಾಗ ನಾನು ಅತ್ತದ್ದು ಸುಳ್ಳಿನ ಅಳುವಲ್ಲ.

ನೀನು ಈ ಊರಿಗೆ ಹೊಸ ಪೋಸ್ಟ್‌ಮನ್ ಆಗಿ ಬಂದ ವಸಂತ ನೆನಪಾಗುತ್ತದೆ. ಎದೆಯ ಕಾಯಿಲೆ ಎಂದು ಚಳಿಗಾಲವೆಲ್ಲ ಹಲ್ ಪಟ್ಟಣದ ಸೋದರತ್ತೆಯ ಮನೆಯಲ್ಲಿದ್ದು ನಾನು ವಾಪಸಾದ ವರ್ಷ ಅದು. ಬೆಳಿಗ್ಗೆ ಏಳೂವರೆಗೆ ನಿನ್ನ ಕೆಂಪು ಸೈಕಲ್ಲು ಗೋಡೆಯ ತಿರುವಿನಲ್ಲಿ ಕಾಣುತ್ತಿತ್ತು. ನಾನು ಗೇಟಿನ ಹತ್ತಿರ ನಿಂತು "ನಂಗೇನಾದ್ರೂ ಇದೆಯಾ?" ಎನ್ನುತ್ತಿದ್ದೆ. "ನಾನಿದೀನಲ್ಲ" ಎನ್ನುತ್ತಿದ್ದೆ ನೀನು. ಹನ್ನೊಂದು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಆ ಬೆಳಗುಗಳಿಗಿಂತ ಚೆನ್ನಾದದ್ದು ನನ್ನ ಬದುಕಿನಲ್ಲಿ ಆಮೇಲೆ ಏನೂ ಬರಲಿಲ್ಲ.

ಸುದ್ದಿ ಮುಗಿಯಿತು. ಮಂಡಿಗೆ ಫ್ಲಾನೆಲ್ ಸುತ್ತಿಕೋ, ಸಮುದ್ರದ ಗಾಳಿಗೆ ಮೈಯೊಡ್ಡಿ ನಿಲ್ಲಬೇಡ. ದೇವರು ನಿನ್ನ ಮೀನನ್ನೂ ನಿನ್ನ ಮುಂಗೋಪವನ್ನೂ ಹದವಾಗಿಟ್ಟಿರಲಿ. ಡೋರತಿಯ ಸಮಾಧಿಯ ಮೇಲೆ ನನ್ನ ಹೆಸರಿನಲ್ಲೂ ಎರಡು ಹೂವಿಡು.

ಎಂದಿಗೂ ನಿನ್ನ ಗೆಳತಿ,
ಎನಿಡ್ ಹೆಬ್ಬಲ್‌ಗಾರ್ತ್

ಮರೆತು ಉಳಿದದ್ದಲ್ಲ, ಬೇಕೆಂದೇ ಸಹಿಯ ಕೆಳಗೆ ಇಟ್ಟದ್ದು:

ಹೆಸ್ಟರ್ ನನ್ನ ಮಗಳು.

ನನಗೆ ಎದೆಯ ಕಾಯಿಲೆ ಇರಲಿಲ್ಲ ವಿಲ್ಫ್. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಒಬ್ಬ ಹುಡುಗ, ಕೆಲಸ ಮುಗಿಯುವ ಮೊದಲೇ ಹೋದ. ಅಪ್ಪ ನನ್ನನ್ನು ಅಂಥ ಹುಡುಗಿಯರನ್ನು ಇಟ್ಟುಕೊಳ್ಳುವ ಒಂದು ಮನೆಗೆ ಬಿಟ್ಟುಬಂದ. ಆರು ವಾರ ಅವಳು ನನ್ನ ಹತ್ತಿರ ಇದ್ದಳು. ಬಲಗಿವಿಯ ತುದಿ ಒಳಕ್ಕೆ ಮಡಿಚಿಕೊಂಡಿತ್ತು. ಹಾಲು ಕುಡಿಯುವಾಗ ಅದನ್ನು ಬೆರಳಿನಿಂದ ನೇರ ಮಾಡುತ್ತಿದ್ದೆ, ಮತ್ತೆ ಮಡಿಚಿಕೊಳ್ಳುತ್ತಿತ್ತು. "ಹೆಸರಿಟ್ಟು ಏನು ಮಾಡ್ತೀಯಮ್ಮ, ತಗೊಂಡು ಹೋಗೋರು ಬೇರೆ ಇಡ್ತಾರೆ" ಎಂದರು ಅಲ್ಲಿಯ ಮೇಡಂ. ನಾನು ಇಟ್ಟೆ. ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕುವಾಗ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಬರೆದೆ.

ಅವಳಿಗೆ ಈಗ ಯಾವ ಹೆಸರೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ಕಾನೂನು ನನಗೆ ಕೊಟ್ಟಿಲ್ಲ. ನಾನು ಅವಳನ್ನು ಹುಡುಕಲಾರೆ. ಅವಳು ನನ್ನನ್ನು ಹುಡುಕಬಲ್ಲಳು, ಆ ಕಾಗದದ ಮೇಲಿನ ಹೆಸರಿನಿಂದ ಮಾತ್ರ. ದೇಶದಲ್ಲಿ ಬೆರಳೆಣಿಕೆಯಷ್ಟು ಜನಕ್ಕಿರುವ ಹೆಸರು. ನಾನು ಎನಿಡ್ ಸ್ಮಿತ್ ಆಗಿಬಿಟ್ಟಿದ್ದರೆ? ನಮ್ಮ ಫೋನ್ ಪುಸ್ತಕದಲ್ಲಿ ಸ್ಮಿತ್‌ಗಳು ಹನ್ನೊಂದು ಪುಟ ಇದ್ದಾರೆ, ಎಣಿಸಿದ್ದೇನೆ. ಅಷ್ಟು ಜನರ ನಡುವೆ ಅವಳು ಅಮ್ಮನನ್ನು ಎಲ್ಲಿ ಹುಡುಕಿಯಾಳು? ಅದಕ್ಕೇ ನಿನ್ನನ್ನು ಬೇಡ ಎಂದೆ. ಎರಡು ಸಲವೂ ಅದಕ್ಕೇ. ಗೇಟಿನ ಹತ್ತಿರ ನಿಂತದ್ದೂ ಅವಳ ಸುದ್ದಿ ಹೊತ್ತ ಕಾಗದಕ್ಕಾಗಿ. ಮೊದಲ ವರ್ಷ ಬರೀ ಅದಕ್ಕಾಗಿ, ಆಮೇಲೆ ಎರಡಕ್ಕೂ.

ದತ್ತು ಹೋದ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಮೊದಲ ಹುಟ್ಟುಪತ್ರ ನೋಡಬಹುದು ಎಂದು ಹದಿನೆಂಟು ವರ್ಷದ ಹಿಂದೆ ಕಾನೂನು ಬಂತು. ಅದೇ ವಾರ ಫೋನು ಹಾಕಿಸಿದೆ. ಹದಿನೆಂಟು ವರ್ಷದಲ್ಲಿ ಅವಳು ಮಾಡಿಲ್ಲ. ಈಗ ಅವಳಿಗೆ ನಲವತ್ತನಾಲ್ಕು. ನಿನ್ನನ್ನೂ ಕಳೆದುಕೊಂಡೆ, ಅವಳೂ ಬರಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಹೇಳುವವರು ಯಾರೂ ಇರಲಿಲ್ಲ, ಯಾಕೆಂದರೆ ಯಾರಿಗೂ ಹೇಳಿರಲಿಲ್ಲ. ನಿನಗೆ ಮೊದಲು ಹೇಳುತ್ತಿದ್ದೇನೆ.

ಇದರ ಜೊತೆಗೇ ಡೆರಿಕ್‌ಗೂ ಒಂದು ಕಾಗದ ಹಾಕುತ್ತೇನೆ. ಹಸಿರು ಹಾಕಿ, ತಾಯಿ ಎನಿಡ್, ಸ್ಕೆಲ್‌ಬೆಕ್ ಎಂದು ಬರೆಯಿರಿ ಎಂದಿದ್ದೇನೆ. ಅಚ್ಚಾದ ದಿನ ಮೇಜಿಗೂ ತಿಳಿಯುತ್ತದೆ, ಊರಿಗೂ ತಿಳಿಯುತ್ತದೆ. ತಿಳಿಯಲಿ.

ಇನ್ನು ನಿನ್ನ ಪ್ರಶ್ನೆ. ಇಷ್ಟೆಲ್ಲ ಓದಿದ ಮೇಲೂ ನಿನಗೆ ಮನಸ್ಸಿದ್ದರೆ, ಆಗುತ್ತೇನೆ ವಿಲ್ಫ್. ಆದರೆ ನನ್ನ ಹೆಸರು ನನಗಿರಲಿ, ಬಾಗಿಲ ಮೇಲೂ ಪುಸ್ತಕದಲ್ಲೂ. ಗುರುವಾರದ ಬಸ್ಸಿಗೆ ಬಾ. ನಿನ್ನ ಕುರ್ಚಿಯನ್ನು ಬೆಂಕಿಯ ಪಕ್ಕ ಹಾಕುತ್ತೇನೆ, ಫೋನಿಗೆ ಹತ್ತಿರ. ನಾನು ತೋಟದಲ್ಲಿದ್ದಾಗ ಅದು ಹೊಡೆದುಕೊಂಡರೆ ನೀನೇ ಎತ್ತು. ಎತ್ತಿ "ಸ್ಮಿತ್" ಎಂದು ಮಾತ್ರ ಹೇಳಬೇಡ.

ಎ.