ರೆಕ್ಕೆಯೊಳಗಿನ ಚೌಕಟ್ಟು

ಅಪ್ಪಾ,

ನೀನು ಹೋದ ಮೇಲೆ ನಾನೊಬ್ಬಳೇ ಮುಗಿಸಿದ ನಮ್ಮ ಮರದ ವಿಮಾನವನ್ನು ನೋಡಲು ಇವತ್ತು ಹಾರಾಟಕ್ಕೆ ಅನುಮತಿ ಕೊಡುವ ಇನ್‌ಸ್ಪೆಕ್ಟರ್ ಬಂದಿದ್ದರು. ರೆಕ್ಕೆಯೊಳಗಿನ ಕೇಬಲ್ ರಾಟೆ ತೋರಿಸಿ ಎಂದರು. ಕೈ ತೂರಿಸಲು ದಾರಿಯೇ ಇರಲಿಲ್ಲ.

"ಇಲ್ಲೊಂದು ಸಣ್ಣ ಬಾಗಿಲು ಬಿಡೋಣ ಮಗಳೇ, ನಾಳೆ ರಿಪೇರಿಗೆ ಬೇಕಾಗತ್ತೆ" ಅಂದಿದ್ದೆ ನೀನು, ಆವತ್ತು ರೆಕ್ಕೆ ಮುಚ್ಚುವ ಮೊದಲು.

"ಅಂದ ಕೆಡತ್ತೆ. ಕಪಾಟು ಮಾಡೋರಿಗೆ ವಿಮಾನದ ವಿಷಯ ಏನು ಗೊತ್ತು?" ಅಂದುಬಿಟ್ಟಿದ್ದೆ ನಾನು. ಆಮೇಲೆ ನೀನೇ ಪ್ಲೈವುಡ್ ಅಂಟಿಸಿ ಮುಚ್ಚಿದೆ.

ಬೇರೆ ದಾರಿಯಿಲ್ಲದೆ ಇವತ್ತು ನೀನು ತೋರಿಸಿದ್ದ ಜಾಗದಲ್ಲೇ ಆ ಪ್ಲೈವುಡ್ಡನ್ನು ಗರಗಸದಿಂದ ಕೊಯ್ದೆ. ಒಳಗೆ ಬಾಗಿಲಿನ ಚೌಕಟ್ಟು ಸಿದ್ಧವಾಗಿ ಕೂತಿತ್ತು, ತಿರುಪಿನ ತೂತುಗಳ ಸಮೇತ.

"ಮುಂದಾಲೋಚನೆ ಅಂದ್ರೆ ಇದು! ನಿಮ್ಮದೇನಾ?" ಎಂದರು ಇನ್‌ಸ್ಪೆಕ್ಟರ್.

ಚೌಕಟ್ಟಿನ ಮೇಲೆ ನೀನು ಪೆನ್ಸಿಲಿನಲ್ಲಿ ಬರೆದಿದ್ದ ಅಳತೆಯನ್ನು ಅಂಗೈಯಿಂದ ಮುಚ್ಚಿಕೊಂಡು, "ಹೌದು ಸಾರ್" ಅಂದೆ.